ವೀಣಕ್ಕೋರ ಮರಳಿನ ಏರು

ವೀಣಕ್ಕೋರು ತಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಯಾರನ್ನೂ ಕೂರಿಸುತ್ತಿರಲಿಲ್ಲ. ಕಾಸರಕೋಡ ಟೊಂಕದ ಶಾಲೆಗೆ ನಾನು ವರ್ಗವಾಗಿ ಬಂದ ಮೊದಲ ವಾರದಲ್ಲೇ ಇದು ನನ್ನ ಗಮನಕ್ಕೆ ಬಂತು. ಸಂಜೆ ಶಾಲೆ ಬಿಟ್ಟ ಮೇಲೆ ಅವರು ಹೊನ್ನಾವರ ಪೇಟೆಗೆ ಹೋಗುವಾಗ ನಮ್ಮಲ್ಲಿ ಒಬ್ಬರಿಗೆ ಮುಂದಿನ ಸೀಟಿನಲ್ಲಿ ಜಾಗ ಸಿಗುತ್ತಿತ್ತು. ಇನ್ನೊಬ್ಬರು ಬಂದರೆ, "ನೀವು ಆಟೋದಲ್ಲಿ ಬನ್ನಿ, ಬೇಜಾರು ಮಾಡ್ಕಣಬೇಡಿ" ಎಂದು ಮೆಲ್ಲಗೆ ಹೇಳುತ್ತಿದ್ದರು. ಹಿಂದಿನ ಸೀಟಿನ ಬಲಬದಿಗೆ ನೋಟ್‌ಬುಕ್ಕಿನ ಕಟ್ಟು ಇರುತ್ತಿತ್ತು. ಎಡಬದಿ ಸದಾ ಖಾಲಿ. ಒಳಗಿನ ಕನ್ನಡಿಯನ್ನು ಅವರು ಚಾವಣಿಯ ಕಡೆಗೆ ತಿರುಗಿಸಿಟ್ಟಿದ್ದರು. ನಾನೊಮ್ಮೆ ತಿಳಿಯದೆ ಅದನ್ನು ಸರಿಮಾಡಲು ಹೋದೆ. ಅವರು ಕೈ ಚಾಚಿ ಮತ್ತೆ ಮೇಲಕ್ಕೆ ತಿರುಗಿಸಿದರು.

ಅಕ್ಕೋರು ಎಂದರೆ ನಮ್ಮ ಕಡೆ ಶಾಲೆಯ ಮೇಡಂ. ವೀಣಾ ಮೊಗೇರ ಅವರಿಗೆ ಆಗ ನಲವತ್ತೈದು ವರ್ಷ. ಹುಟ್ಟಿದ್ದು ಭಟ್ಕಳದಾಚೆ ಬೆಳಕೆಯಲ್ಲಿ, ಕಡಲಿಗೆ ಹೋಗುವ ಮನೆತನದಲ್ಲಿ. ಟಿಸಿಎಚ್ ಮುಗಿಸಿ, ಹಲವು ಊರು ಸುತ್ತಿ ಟೊಂಕದ ಶಾಲೆಗೆ ಬಂದವರು ಹದಿನೈದು ವರ್ಷದಿಂದ ಅಲ್ಲೇ ನಿಂತಿದ್ದರು. ಗಂಡ ಭಾಸ್ಕರ ಪೇಟೆಯ ಮೀನುಗಾರರ ಸೊಸೈಟಿಯಲ್ಲಿ ಕಾರಕೂನ. ಮಾತು ಕಡಿಮೆ, ಹೆಂಡತಿಯ ಮುಖ ನೋಡಿಯೇ ಅರ್ಥ ಮಾಡಿಕೊಳ್ಳುವ ಮನುಷ್ಯ. ಕಾರು ಬಿಡುವುದನ್ನು ಅಕ್ಕೋರು ಕಲಿತಿದ್ದರು, ಭಾಸ್ಕರ ಕಲಿತಿರಲಿಲ್ಲ.

ಅಕ್ಕೋರಲ್ಲಿ ಇನ್ನೊಂದು ವಿಚಿತ್ರವಿತ್ತು. ಬಿಸಿಯೂಟದ ಅಡುಗೆಗೆ ನೀರೆತ್ತುವ ಪಂಪು ಶಾಲೆಯ ಹಿಂದೆ ಇದೆ. ಬೇಸಿಗೆಯಲ್ಲಿ ಬಾವಿಯ ನೀರು ಇಳಿದಾಗ ಅದು ನೀರು ಸಿಗದೆ ಬರೀ ತಿರುಗಿ ಕೂಗುತ್ತಿತ್ತು. ಆ ಸದ್ದು ಕೇಳಿದರೆ ಅಕ್ಕೋರು ಪಾಠವನ್ನು ಅರ್ಧಕ್ಕೆ ಬಿಟ್ಟು ಜಗಲಿಗೆ ಬಂದು ಕಂಬ ಹಿಡಿದು ನಿಲ್ಲುತ್ತಿದ್ದರು. ಪಂಪು ನಿಂತ ಮೇಲೆ ಒಳಗೆ ಹೋಗಿ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು. ಮಕ್ಕಳಿಗೆ ಇದು ರೂಢಿಯಾಗಿತ್ತು. ಅವರು ಹೊರಗೆ ಹೋದಾಗ ಯಾವ ಮಗುವೂ ಗಲಾಟೆ ಮಾಡುತ್ತಿರಲಿಲ್ಲ.

ಕಾರಣ ನನಗೆ ತಿಳಿದದ್ದು ಪಾಂಡುವಿನಿಂದ. ಪಾಂಡು ಟೊಂಕದ ಮೀನುಗಾರ, ಅವನ ಮಗಳು ನನ್ನ ಕ್ಲಾಸಿನಲ್ಲಿದ್ದಳು.

ಅದು ಎರಡು ಸಾವಿರದ ಹದಿನೆಂಟರ ಮಾರ್ಚ್ ತಿಂಗಳು. ಮಧ್ಯಾಹ್ನ ಮೂರೂವರೆ ಆಗಿತ್ತು. ದಂಡೆಯಲ್ಲಿ ನಿಂತು ಬಲೆ ಎಳೆಯುತ್ತಿದ್ದವರ ಸಾಲಿನಲ್ಲಿ ದಾಸ ಎಂಬವನು ಹಗ್ಗ ಬಿಟ್ಟು ಎದೆ ಹಿಡಿದುಕೊಂಡು ಕೂತ. ನಲವತ್ತೆರಡು ವರ್ಷದ ಗಟ್ಟಿ ಆಳು. ಅವನ ಹೆಂಡತಿ ಕಮಲಿ ಅಲ್ಲೇ ಮೇಲೆ ಮೀನು ಒಣಹಾಕುತ್ತಿದ್ದಳು. ಯಾರೋ ಶಾಲೆಗೆ ಓಡಿದರು, ಕಾರಿದ್ದದ್ದು ಅಕ್ಕೋರ ಹತ್ತಿರ ಮಾತ್ರ. ದಾಸನ ಮಗಳು ಧನ್ಯಶ್ರೀ ಆಗ ಅಕ್ಕೋರದೇ ಐದನೇ ಕ್ಲಾಸಿನಲ್ಲಿ ಕೂತಿದ್ದಳು. ಅಕ್ಕೋರು ಅವಳಿಗೆ ಏನೂ ಹೇಳದೆ ಕೀಲಿಕೈ ತೆಗೆದುಕೊಂಡು ಹೊರಟರು.

ಡಾಂಬರು ರಸ್ತೆಯಿಂದ ದಂಡೆಗೆ ಇಳಿಯಲು ಗಾಳಿಮರಗಳ ನಡುವೆ ಒಂದು ಮರಳಿನ ದಾರಿ ಇದೆ. ಹೆಚ್ಚೆಂದರೆ ಐವತ್ತು ಮಾರು. ಕೆಳಗಿನವರು ಅಷ್ಟರಲ್ಲಿ ದಾಸನನ್ನು ಎತ್ತಿಕೊಂಡು ಮೇಲಕ್ಕೆ ಹೊರಟಿದ್ದರು. ಅಕ್ಕೋರು ರಸ್ತೆಯಲ್ಲಿ ನಿಲ್ಲಬಹುದಿತ್ತು. ಅಷ್ಟು ಹೊತ್ತಾದರೂ ಉಳಿಯಲಿ ಎಂದು ಅವರು ಕಾರನ್ನು ನೇರ ಕೆಳಗೆ ಇಳಿಸಿದರು. ಇಳಿಯುವಾಗ ಏನೂ ತೊಂದರೆ ಆಗಲಿಲ್ಲ. ಹಿಂದಿನ ಸೀಟಿನಲ್ಲಿ ಕಮಲಿ ಕೂತಳು, ಅವಳ ಮಡಿಲಿನಲ್ಲಿ ಎಡಬದಿಗೆ ದಾಸನ ತಲೆ. ಕಾಲಿನ ಹತ್ತಿರ ಒಬ್ಬ, ಮುಂದೆ ಒಬ್ಬ. ಒದ್ದೆ ಮರಳಿನ ಮೇಲೆ ಕಾರು ತಿರುಗಿಸಿ ಏರಿಗೆ ಬಂದರು.

ಅರ್ಧ ಏರಿಗೆ ಮುಂದಿನ ಗಾಲಿ ತಿರುಗಲು ಶುರುವಾಯಿತು, ಕಾರು ಮುಂದೆ ಹೋಗಲಿಲ್ಲ. ಅಕ್ಕೋರು ಇನ್ನೂ ಜೋರು ಮಾಡಿದರು. ಗಾಲಿ ಕೂಗುತ್ತಾ ಮರಳನ್ನು ಕಿತ್ತು ಎರಚುತ್ತಾ ಆಕ್ಸಲಿನವರೆಗೆ ಹುಗಿಯಿತು. ಬಲೆ ಬಿಟ್ಟು ಬಂದವರೆಲ್ಲ ಹಿಂದಿನಿಂದ ದೂಡಿದರು. ತೆಂಗಿನ ಮಡ್ಲು ಹಾಸಿದರು, ದೋಣಿಯ ಹಲಗೆ ತಂದು ಗಾಲಿಗೆ ಕೊಟ್ಟರು. ಹಲಗೆ ಹಿಂದಕ್ಕೆ ಹಾರಿತು. ಇಪ್ಪತ್ತು ನಿಮಿಷ ಹೀಗೇ ಹೋಯಿತು. ಕೊನೆಗೆ ದಾಸನನ್ನು ಇಳಿಸಿ, ಹೊತ್ತು ರಸ್ತೆಗೆ ತಂದು, ಸಿಕ್ಕ ಆಟೋದಲ್ಲಿ ಹಾಕಿ ಶರಾವತಿಯ ಸಂಕ ದಾಟಿ ಪೇಟೆಗೆ ಒಯ್ದರು. ಆಸ್ಪತ್ರೆಯವರು ಕೈ ಹಿಡಿದು ನೋಡಿ, ಜೀವ ಇಲ್ಲ ಎಂದರು.

ಅಕ್ಕೋರನ್ನು ಯಾರೂ ದೂರಲಿಲ್ಲ. ಹನ್ನೊಂದರ ದಿನ ಕಮಲಿ ಅವರನ್ನು ಊಟಕ್ಕೂ ಕರೆದಳು. ಅಕ್ಕೋರು ಹೋಗಲಿಲ್ಲ. ಆಮೇಲೆ ಅವರು ಧನ್ಯಶ್ರೀಗೆ ಪಾಠ ಹೇಳಿಕೊಟ್ಟರು, ಅವಳು ಹೈಸ್ಕೂಲಿಗೆ ಹೋದ ಮೇಲೂ ಶನಿವಾರ ಶಾಲೆಗೆ ಕರೆದು ಲೆಕ್ಕ ಕಲಿಸಿದರು. ಆದರೆ ಕಮಲಿಯ ಮನೆಯ ಮುಂದಿನ ದಾರಿ ಬಿಟ್ಟುಬಿಟ್ಟರು. ಕಾರನ್ನು ಎಷ್ಟು ತೊಳೆದರೂ ಮ್ಯಾಟಿನ ಅಡಿಯಲ್ಲಿ ಮರಳು ಸಿಗುತ್ತಿತ್ತಂತೆ. ಕಡಲ ದಂಡೆಯ ಶಾಲೆ, ಗಾಳಿಗೂ ಬಂದು ಬೀಳುತ್ತದೆ ಎಂದು ಭಾಸ್ಕರ ಸಮಾಧಾನ ಹೇಳುತ್ತಿದ್ದರು. ಅಕ್ಕೋರು ಪ್ರತಿ ಭಾನುವಾರ ಅದನ್ನು ಗುಡಿಸಿ, ಒಂದು ತಟ್ಟೆಗೆ ತುಂಬಿ, ಕಾಂಪೌಂಡಿನ ಹೊರಗೆ ಚೆಲ್ಲಿ ಬರುತ್ತಿದ್ದರು.

ಆ ಕಾರು ಎರಡು ಸಾವಿರದ ನಾಲ್ಕರ ಬಿಳಿ ಮಾರುತಿ ಎಂಟುನೂರು. ಒಮ್ಮೆ ನವೀಕರಣ ಆಗಿತ್ತು. ಇಪ್ಪತ್ನಾಲ್ಕರ ಜನವರಿಯಲ್ಲಿ ಎರಡನೇ ನವೀಕರಣಕ್ಕೆ ಒಯ್ಯುವ ಮೊದಲು ಗ್ಯಾರೇಜಿನವನು ಅಡಿಗೆ ಮಲಗಿ ಸ್ಕ್ರೂಡ್ರೈವರಿನಿಂದ ಕುಟ್ಟಿದ. ಅದು ಆರಪಾರ ಹೋಯಿತು. ಉಪ್ಪುಗಾಳಿಗೆ ನೆಲ ಪೂರ್ತಿ ತುಕ್ಕು ಹಿಡಿದಿತ್ತು. ವೆಲ್ಡಿಂಗ್ ಹಿಡಿಯುವ ಹಾಗಿಲ್ಲ, ಇದನ್ನು ಬಿಡಿ ಎಂದ.

ಬೇರೆ ಹಳೆ ಕಾರು ನೋಡುವುದೆಂದಾಯಿತು. ಅಕ್ಕೋರು ಮೊದಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದರು, ನಾಲ್ಕೂ ಗಾಲಿ ಎಳೆಯುವ ಗಾಡಿಯೇ ಬೇಕು. ಭಾಸ್ಕರ ಒಮ್ಮೆ ಮಾತ್ರ, ದಿನಾ ಹೋಗುವುದು ಆರು ಕಿಲೋಮೀಟರ್ ಡಾಂಬರು ರಸ್ತೆಯಲ್ಲಿ, ಅದಕ್ಕೆ ಅಂಥದ್ದು ಯಾಕೆ ಎಂದರಂತೆ. ಕಡೆಗೆ ಎರಡು ಗಾಡಿ ನೋಡುವುದೆಂದು ಒಪ್ಪಂದ ಆಯಿತು. ಒಂದು ಕುಮಟಾದಲ್ಲಿದ್ದ ಜಿಪ್ಸಿ, ಅಕ್ಕೋರ ಆಯ್ಕೆ. ಇನ್ನೊಂದು ಭಟ್ಕಳದಲ್ಲಿದ್ದ ಆಲ್ಟೊ, ಭಾಸ್ಕರರ ಆಯ್ಕೆ. ಬೆಲೆಯಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಎರಡು ಸಲವೂ ನನ್ನನ್ನು ಕರೆದುಕೊಂಡು ಹೋದರು. "ಹಿಂದೆ ಕೂರೂಕೆ ಒಬ್ಬರು ಬೇಕು ಮಾಸ್ತರೇ, ಭಾರಕ್ಕೆ" ಎಂದರು ಅಕ್ಕೋರು. ಅವರು ತಮಾಷೆ ಮಾಡುತ್ತಿರಲಿಲ್ಲ.

ಜಿಪ್ಸಿಯ ಮಾಲಕರು ಕೃಷ್ಣಾನಂದ ಶಾನಭಾಗ, ಸರ್ವೆ ಇಲಾಖೆಯಿಂದ ನಿವೃತ್ತರಾದವರು. ಗುಡ್ಡದ ಮೇಲಿನ ಗೇರುಮರದ ಹಕ್ಕಲಿಗೆ ಹೋಗಲು ಇಟ್ಟುಕೊಂಡಿದ್ದ ಗಾಡಿ. ಕಣ್ಣಿಗೆ ಪೊರೆ ಬಂದು ಬಿಡಲಾಗದೆ ಮಾರುತ್ತಿದ್ದರು. ಹಸಿರು ಬಣ್ಣ, ಮೇಲೆ ಕ್ಯಾನ್ವಾಸು, ಬಾಗಿಲು ಹಾಕಿದರೆ ಡಬ್ಬದ ಸದ್ದು. ಗೇರು ಹಾಕುವ ಕೋಲಿನ ಪಕ್ಕ ಇನ್ನೊಂದು ಗಿಡ್ಡ ಕೋಲು. ಸಾಧಾರಣ ಓಡುವಾಗ ಹಿಂದಿನ ಎರಡು ಗಾಲಿ ಎಳೆಯುತ್ತದೆ, ಮುಂದಿನ ಗಾಲಿಯ ನಡುವಿನ ಗುಬಟನ್ನು ಇಳಿದು ಕೈಯಲ್ಲಿ ತಿರುಗಿಸಿ, ಆ ಕೋಲು ಹಾಕಿದರೆ ನಾಲ್ಕೂ ಎಳೆಯುತ್ತದೆ ಎಂದು ಅವರು ತಾವೇ ಬಗ್ಗಿ ತೋರಿಸಿಕೊಟ್ಟರು. ಪೆಟ್ರೋಲು ಚೆನ್ನಾಗಿ ಕುಡಿಯುತ್ತದೆ, ಸೊಂಟಕ್ಕೆ ಒಳ್ಳೆಯದಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ಅಕ್ಕೋರು ಇಂಜಿನ್ ಬಗ್ಗೆ ಕೇಳಲಿಲ್ಲ, ಕಾಗದಪತ್ರ ಕೇಳಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು.

"ಐದು ಜನ ಕೂತಾಗ ಮರಳಿನ ಏರು ಹತ್ತುತ್ತದಾ?"

ಶಾನಭಾಗರು ತಮ್ಮ ಅಳಿಯನನ್ನು ಕರೆದು, ಇವರ ಜೊತೆ ಹೋಗಿ ಎಲ್ಲಿ ಬೇಕೋ ಅಲ್ಲಿ ಹತ್ತಿಸಿ ತೋರಿಸು ಎಂದರು.

ಅಳಿಯ ಗಾಡಿ ಬಿಟ್ಟುಕೊಂಡು ನಮ್ಮನ್ನು ಕಾಸರಕೋಡಕ್ಕೇ ತಂದ. ಅದೇ ದಾರಿ, ಅದೇ ಗಾಳಿಮರ. ದಂಡೆಯಲ್ಲಿದ್ದ ಪಾಂಡುವನ್ನೂ ಅಕ್ಕೋರು ಕರೆದು ಹತ್ತಿಸಿಕೊಂಡರು. ಅವನಿಗೆ ತಕ್ಷಣ ಅರ್ಥವಾಯಿತು, ತಲೆ ತಗ್ಗಿಸಿ ಕೂತ. ಮೊದಲು ಎರಡೇ ಗಾಲಿಯಲ್ಲಿ ಹೋದಾಗ ಜಿಪ್ಸಿಯೂ ಅರ್ಧದಲ್ಲಿ ಹುಗಿಯಿತು. ಮರಳು ಎರಚುವ ಸದ್ದಿಗೆ ಅಕ್ಕೋರು ಡ್ಯಾಶಿನ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಅಳಿಯ ಇಳಿದು ಎರಡೂ ಗುಬಟು ತಿರುಗಿಸಿ, ಗಿಡ್ಡ ಕೋಲು ಎಳೆದ. ಗಾಡಿ ಒಂದು ಸಲ ನಡುಗಿ, ಹುಗಿದ ಗುಂಡಿಯಿಂದಲೇ ಎದ್ದು, ಎಮ್ಮೆ ನಡೆದ ಹಾಗೆ ನಿಧಾನಕ್ಕೆ ನಡೆದು ರಸ್ತೆಗೆ ಬಂತು.

ಅಕ್ಕೋರು ಇಳಿದು ಜಿಪ್ಸಿಯ ಮುಂದಿನ ಗಾಲಿ ಮುಟ್ಟಿ ನೋಡಿದರು. ಅವರ ಮುಖ ಅಷ್ಟು ಹಗುರಾದದ್ದನ್ನು ನಾನು ಮೂರು ವರ್ಷದಲ್ಲಿ ಕಂಡಿರಲಿಲ್ಲ. "ನೋಡಿದ್ರಾ ಮಾಸ್ತರೇ, ಗಾಡಿ ಸರಿ ಇದ್ದಿದ್ರೆ ಹತ್ತುತ್ತಿತ್ತು" ಎಂದರು. ಸಂಜೆ ಭಾಸ್ಕರ ನನಗೆ ಫೋನ್ ಮಾಡಿ, ಅವಳು ಇವತ್ತು ಎರಡು ಸಲ ಅನ್ನ ಹಾಕಿಸಿಕೊಂಡಳು ಎಂದರು.

ಅಲ್ಲಿಗೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಭಟ್ಕಳದವರಿಗೆ ಬರುತ್ತೇವೆಂದು ಮಾತು ಕೊಟ್ಟಾಗಿತ್ತು.

ಆಲ್ಟೊದ ಮಾಲಕರು ಇರ್ಷಾದ್ ದಾಮುದಿ, ಅರವತ್ತೈದರ ಆಸುಪಾಸಿನ ನವಾಯತ ಸಾಹೇಬರು. ಕೊಲ್ಲಿಯಲ್ಲಿ ಇಪ್ಪತ್ತೆರಡು ವರ್ಷ ಮರುಭೂಮಿಯ ಕ್ಯಾಂಪುಗಳಿಗೆ ನೀರಿನ ಗಾಡಿ ಹೊಡೆದು ಊರಿಗೆ ಬಂದವರು. ಬೂದು ಬಣ್ಣದ ಆಲ್ಟೊವನ್ನು ಅವರ ಹೆಂಡತಿ ಬಳಸುತ್ತಿದ್ದರಂತೆ. ಅವರು ತೀರಿಕೊಂಡ ಮೇಲೆ ಅದು ಒಂದು ವರ್ಷ ಬಟ್ಟೆ ಹೊದ್ದು ನಿಂತಿತ್ತು. ಸೀಟು ಹೊಸದರ ಹಾಗಿತ್ತು, ಒಳಗೆ ಎಲ್ಲೋ ಅತ್ತರಿನ ವಾಸನೆ ಉಳಿದಿತ್ತು. ಭಾಸ್ಕರ ಸೀಟು ಒತ್ತಿ ನೋಡಿ ಸಂತೋಷಪಟ್ಟರು. ಲೀಟರಿಗೆ ಜಿಪ್ಸಿಯ ಎರಡು ಪಾಲು ಓಡುತ್ತದೆ, ಓಣಿಯಲ್ಲೂ ತಿರುಗುತ್ತದೆ, ಗ್ಯಾರೇಜಿನ ಕೆಲಸ ಕಡಿಮೆ ಎಂದು ಸಾಹೇಬರು ಹೇಳಿದರು.

ಅಕ್ಕೋರು ಅದೇ ಪ್ರಶ್ನೆ ಕೇಳಿದರು. ಮರ್ಯಾದೆಗೆ ಕೇಳಿದ್ದು, ಉತ್ತರ ಗೊತ್ತೇ ಇದೆ ಎಂಬ ಧಾಟಿಯಲ್ಲಿ.

"ಹತ್ತುತ್ತದೆ" ಎಂದರು ಸಾಹೇಬರು.

ಇಲ್ಲ, ಇದು ಮುಂದಿನ ಗಾಲಿ ಎಳೆಯುವ ಗಾಡಿ, ಹುಗಿಯುತ್ತದೆ, ನನಗೆ ಗೊತ್ತು ಎಂದರು ಅಕ್ಕೋರು. ಅವರ ಸ್ವರ ಸ್ವಲ್ಪ ಏರಿತ್ತು. ಸಾಹೇಬರು ವಾದ ಮಾಡಲಿಲ್ಲ. ಕಾರಿಗೆ ಹತ್ತಿ, ಹೋಗಿ ನೋಡುವ ಎಂದರು. ಹತ್ತಿರದ ದಂಡೆ ಯಾವುದೆಂದು ಮಾತಾಗಿ ಬೆಳಕೆಗೆ ಹೋದೆವು. ಅಕ್ಕೋರ ತವರಿನ ದಂಡೆ. ಅಲ್ಲಿ ದೋಣಿಯ ನೆರಳಿನಲ್ಲಿ ಬಲೆ ಸರಿಮಾಡುತ್ತಿದ್ದ ಅವರ ದೊಡ್ಡಪ್ಪನ ಮಗ ದೇವರಾಜನನ್ನೂ ಕೂರಿಸಿಕೊಂಡೆವು. ಹಿಂದೆ ಭಾಸ್ಕರ, ದೇವರಾಜ, ನಾನು. ಮುಂದೆ ಸಾಹೇಬರು, ಅಕ್ಕೋರು.

ಸಾಹೇಬರು ಮೊದಲು ನೆಟ್ಟಗೆ ಏರಿಗೆ ನುಗ್ಗಿಸಿದರು. ನಾಲ್ಕು ಮಾರು ಹೋಗುವಷ್ಟರಲ್ಲಿ ಗಾಲಿ ಕೂಗಿ ನಿಂತಿತು. ಅಕ್ಕೋರು ಕಣ್ಣು ಮುಚ್ಚಿದ್ದರು. ಸಾಹೇಬರು ಜೋರು ಮಾಡಲಿಲ್ಲ. ಅಲ್ಲಿಂದಲೇ ಹಿಂದಕ್ಕೆ ಜಾರಿಸಿ ಒದ್ದೆ ಮರಳಿಗೆ ಬಂದು, ಇಳಿದು, ಬೆಂಕಿಕಡ್ಡಿಯಿಂದ ನಾಲ್ಕೂ ಟಯರಿನ ಗಾಳಿ ಅರ್ಧದಷ್ಟು ಬಿಟ್ಟರು. ಆಮೇಲೆ ಕಾರನ್ನು ಪೂರ್ತಿ ತಿರುಗಿಸಿ, ಮೂತಿ ಕಡಲಿಗೆ, ಬೆನ್ನು ಏರಿಗೆ ಮಾಡಿ ನಿಲ್ಲಿಸಿದರು. ರಿವರ್ಸ್ ಗೇರು ಹಾಕಿದರು. ಕುತ್ತಿಗೆ ತಿರುಗಿಸಿ ನಮ್ಮ ತಲೆಗಳ ನಡುವೆ ಹಿಂದಿನ ಗಾಜಿನಲ್ಲಿ ನೋಡುತ್ತಾ, ನಿಲ್ಲದೆ, ಅವಸರವೂ ಮಾಡದೆ, ಹಿಮ್ಮುಖವಾಗಿಯೇ ಮೇಲಕ್ಕೆ ಬಿಟ್ಟರು. ಕಾರು ಸ್ವಲ್ಪ ತೇಲಾಡಿತು. ಮತ್ತೇನೂ ಆಗಲಿಲ್ಲ. ನಾವು ಮೇಲೆ ಗಟ್ಟಿ ನೆಲದಲ್ಲಿದ್ದೆವು.

"ಇದರದ್ದು ಎಳೆಯುವ ಗಾಲಿ ಮುಂದೆ" ಎಂದು ಸಾಹೇಬರು ಹೇಳಿದರು. "ಏರಿನಲ್ಲಿ ಭಾರ ಎಲ್ಲ ಹಿಂದೆ ಹೋಗ್ತದೆ, ಮುಂದೆ ಹಗುರ ಆಗಿ ಗಾಲಿ ಸುಮ್ಮನೆ ತಿರುಗ್ತದೆ. ತಿರುಗಿಸಿ ನಿಲ್ಲಿಸಿದ್ರೆ ಆ ಗಾಲಿ ಕೆಳಗೆ ಬಂತು, ಭಾರ ಅದರ ಮೇಲೆ ಬಂತು. ಆಮೇಲೆ ಅದು ದೂಡ್ತದೆ. ಅಲ್ಲಿ ಮರಳಲ್ಲಿ ನಾವು ಎಷ್ಟೋ ಸಣ್ಣ ಗಾಡಿ ಹೀಗೇ ತೆಗೆದಿದ್ದೇವೆ."

ಅಕ್ಕೋರು ಮುಂದೆಯೇ ನೋಡುತ್ತಿದ್ದರು. ಕಡಲು ಕೆಳಗೆ ಕಾಣುತ್ತಿತ್ತು.

"ಮಾರುತಿ ಎಂಟುನೂರೂ ಹೀಗೇ ಹತ್ತುತ್ತದಾ?"

"ಅದು ಇದಕ್ಕಿಂತ ಹಗುರ ಅಲ್ವಾ ಅಕ್ಕೋರೇ. ಆರಾಮ ಹತ್ತುತ್ತದೆ."

ಸಾಹೇಬರಿಗೆ ದಾಸನ ವಿಷಯ ಏನೂ ಗೊತ್ತಿರಲಿಲ್ಲ. ತಮ್ಮ ಗಾಡಿ ಮಾರಾಟವಾಗಲಿ ಎಂದು ಹೇಳಿದ್ದೂ ಅಲ್ಲ, ಇದ್ದದ್ದನ್ನು ಹೇಳಿದರು. ಅಕ್ಕೋರು ಬಾಗಿಲು ತೆರೆದು ಇಳಿದು ದಂಡೆಗೆ ನಡೆದರು. ಸೀರೆಯ ಅಂಚು ಒದ್ದೆಯಾದರೂ ನಿಲ್ಲಲಿಲ್ಲ, ಮೊಣಕಾಲು ನೀರಿನವರೆಗೆ ಹೋಗಿ ನಿಂತರು. ದೇವರಾಜ ಕರೆಯಲು ಹೊರಟ, ಭಾಸ್ಕರ ಅವನ ಕೈ ಹಿಡಿದು ತಡೆದರು. "ಇಲ್ಲಿಗೆ ಬರಬಾರದಿತ್ತು ಮಾಸ್ತರೇ" ಎಂದು ನನ್ನ ಹತ್ತಿರ ಹೇಳಿದರು. ಸಾಹೇಬರು ಸೈಕಲ್ ಪಂಪು ತೆಗೆದು ಒಂದೊಂದೇ ಟಯರಿಗೆ ಗಾಳಿ ತುಂಬತೊಡಗಿದರು. ಏನೋ ಇದೆ ಎಂದು ಅವರಿಗೂ ಅನ್ನಿಸಿರಬೇಕು, ಕೇಳಲಿಲ್ಲ.

ವಾಪಸು ಬರುವಾಗ ಶಿರಾಲಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಇಳಿದು ಚಾ ಕುಡಿದೆವು. ಅಕ್ಕೋರ ಗ್ಲಾಸಿನ ಮೇಲೆ ಕೆನೆ ಕಟ್ಟಿತು. ಅವರು ಆಗ ಹೇಳಿದ ಮಾತನ್ನು ನಾನು ಎಷ್ಟೋ ಸಲ ನೆನೆಸಿಕೊಂಡಿದ್ದೇನೆ.

"ಇಷ್ಟು ವರ್ಷ ಗಾಡಿದು ತಪ್ಪು ಅಂತ ಇಟ್ಕಂಡಿದ್ದೆ ಮಾಸ್ತರೇ. ಈಗ ಗಾಡಿದೂ ತಪ್ಪಿಲ್ಲ."

ಆ ಫೆಬ್ರವರಿ ಅವರು ಇಳಿದುಹೋದರು. ಶಾಲೆಯ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಒಂದು ಓರೆಗೆರೆ, ಅದರ ಮೇಲೆ ಒಂದು ಸಣ್ಣ ಕಾರು, ಮೂತಿ ಕೆಳಗೆ. ಅದನ್ನು ಬರೆದು ಅಳಿಸಿ, ಮತ್ತೆ ಬರೆದದ್ದು ಕಾಣುತ್ತಿತ್ತು. ಒಂದು ದಿನ ಪಾಠದ ನಡುವೆ ನಿಲ್ಲಿಸಿ, ಐದನೇ ಕ್ಲಾಸಿನ ಮಕ್ಕಳನ್ನು, ನಾನು ಆ ದಿನ ಒದ್ದೆ ಮರಳಿನಲ್ಲಿ ಕಾರು ತಿರುಗಿಸಿದ್ದೆನಲ್ಲ, ತಿರುಗಿಸದೇ ಹಾಗೇ ಹಿಂದೆ ಬಿಟ್ಟಿದ್ದರೆ ಆಗುತ್ತಿತ್ತಲ್ಲ ಎಂದು ಕೇಳಿದರಂತೆ. ದಾಸ ಸತ್ತಾಗ ಆ ಮಕ್ಕಳು ನಾಲ್ಕೈದು ವರ್ಷದವರು, ಅವರಿಗೆ ಏನು ಗೊತ್ತು. ಅವರು ಮನೆಗೆ ಹೋಗಿ ಹೇಳಿ, ಅದು ಊರಿಗೆಲ್ಲ ತಿಳಿಯಿತು. ಭಾಸ್ಕರ ರಜೆ ಹಾಕಿ ಮನೆಯಲ್ಲಿ ಕೂತರು. ಮಿಕ್ಸಿ, ಪಂಪು, ಹೊಲಿಗೆ ಮಿಷನ್ನು ಯಾವುದನ್ನೂ ಅವರು ಮನೆಯಲ್ಲಿ ಹಾಕುವ ಹಾಗಿರಲಿಲ್ಲ. ಅಕ್ಕೋರಿಗೆ ಎಲ್ಲವೂ ಒಂದೇ ಸದ್ದಾಗಿ ಕೇಳುತ್ತಿತ್ತು. ಒಮ್ಮೆ ಎಲ್ಲ ಬಂದಾಗಿ ಮನೆ ನಿಶ್ಶಬ್ದವಾಗಿದ್ದಾಗಲೂ ಎದ್ದು ಹೋಗಿ ಮಿಕ್ಸಿಯ ವೈರು ಕಿತ್ತರಂತೆ.

ಮಾರ್ಚ್ ಮೊದಲ ಭಾನುವಾರ ಬೆಳಿಗ್ಗೆ ಅವರೇ ನನಗೆ ಫೋನ್ ಮಾಡಿದರು. ಎಂಟುನೂರನ್ನು ಗುಜರಿಯವರು ಮಂಗಳವಾರ ಒಯ್ಯುತ್ತಾರೆ, ಅದಕ್ಕೆ ಮೊದಲು ಒಂದು ಕೆಲಸ ಇದೆ, ಬನ್ನಿ ಎಂದರು. ನಾನು ಟೊಂಕಕ್ಕೆ ಹೋಗುವಾಗ ಅವರು ಕಾರನ್ನು ದಂಡೆಗೆ ಇಳಿಸಿಯಾಗಿತ್ತು. ಪಾಂಡು, ಇನ್ನಿಬ್ಬರು ಅಲ್ಲಿದ್ದರು. ಮೂವರೂ ದಾಸ ಸತ್ತ ದಿನ ಇದ್ದವರೇ. ಅಕ್ಕೋರು ಬೆಂಕಿಕಡ್ಡಿಯಿಂದ ಗಾಳಿ ಬಿಡುತ್ತಿದ್ದರು.

"ಮಾಸ್ತರೇ, ನೀವು ಹಿಂದೆ ಎಡಬದಿ" ಎಂದರು.

ಕೂತೆ. ಪಾಂಡು ನನ್ನ ಪಕ್ಕ. ಉಳಿದಿಬ್ಬರಲ್ಲಿ ಒಬ್ಬ ಹಿಂದೆ, ಒಬ್ಬ ಮುಂದೆ. ಆ ಸೀಟಿನಲ್ಲಿ ಕೂತಾಗ ನನ್ನ ಬೆನ್ನಿಗೆ ಬಿಸಿಲು ತಾಗುತ್ತಿತ್ತು. ಅಕ್ಕೋರು ಬೆನ್ನು ಏರಿಗೆ ಮಾಡಿ ಕಾರು ನಿಲ್ಲಿಸಿದರು. ಕುತ್ತಿಗೆ ತಿರುಗಿಸಿ ಹಿಂದೆ ನೋಡಿದರು. ಆರು ವರ್ಷದಲ್ಲಿ ಅವರು ಆ ಸೀಟನ್ನು ಹಾಗೆ ನೋಡಿದ್ದು ಅದೇ ಮೊದಲಿರಬೇಕು. ಕಣ್ಣು ನನ್ನ ಮೇಲೆಯೇ ಇತ್ತು, ನೋಡುತ್ತಿದ್ದದ್ದು ನನ್ನನ್ನಲ್ಲ. ತುಟಿ ಅಲುಗುತ್ತಿತ್ತು. ನಂತರ ಕ್ಲಚ್ಚು ಬಿಟ್ಟರು.

ಕಾರು ಹತ್ತಿತು. ಒಂದು ನಿಮಿಷವೂ ಆಗಲಿಲ್ಲ. ರಸ್ತೆಗೆ ಬಂದು ನಿಂತಿತು. ಪಾಂಡು ಇಳಿದು, ಯಾರ ಮುಖವನ್ನೂ ನೋಡದೆ, ಮರಗಳ ನಡುವೆ ನಡೆದುಹೋದ. ಆ ದಿನ ಇಪ್ಪತ್ತು ನಿಮಿಷ ಭುಜ ಕೊಟ್ಟು ದೂಡಿದವನು ಅವನು.

ಮೀನು ಒಣಹಾಕುವ ಅಂಗಳ ಅಲ್ಲಿಂದ ಕಾಣುತ್ತದೆ. ಕಮಲಿ ಕೈ ಒರೆಸಿಕೊಳ್ಳುತ್ತಾ ಬಂದಳು. ಅವಳು ಎಲ್ಲವನ್ನೂ ನೋಡಿದ್ದಳು. ಅಕ್ಕೋರು ಸ್ಟೇರಿಂಗ್ ಹಿಡಿದುಕೊಂಡೇ, ಇದನ್ನು ಹೀಗೆ ತಿರುಗಿಸಿ ಹತ್ತಿಸಬಹುದಿತ್ತು, ನನಗೆ ಗೊತ್ತಿರಲಿಲ್ಲ, ನನ್ನಿಂದ ಹೊತ್ತು ಹೋಯಿತು ಎಂದರು. ಪಾಠ ಒಪ್ಪಿಸುವ ಮಗುವಿನ ಹಾಗೆ ಒಂದೇ ಉಸಿರಿನಲ್ಲಿ ಹೇಳಿದರು.

ಕಮಲಿ ಬಾಗಿಲಿನ ಗಾಜಿನ ಮೇಲೆ ಕೈ ಇಟ್ಟು ಬಗ್ಗಿದಳು.

"ಅಕ್ಕೋರೆ, ಗಾಡಿ ಹುಗೀತಲ್ಲ, ಆಗ್ಲೇ ಹೋಗಿದ್ರು. ನನ್ನ ಮಡಿಲಲ್ಲಿ ತಲೆ ಭಾರ ಆತು. ನಂಗೆ ಗೊತ್ತಾತು."

ಅಕ್ಕೋರು ಅವಳನ್ನೇ ನೋಡಿದರು.

"ನೀ ಕನ್ನಡೀಲಿ ನನ್ನ ನೋಡ್ತಾ ಇದ್ದೆ" ಎಂದರು. "ನಾ ಎಂತದೂ ಮಾಡ್ತಾ ಇಲ್ಲ ಅಂತ ನೋಡ್ತಾ ಇದ್ದೆ ಅಂದ್ಕಂಡೆ."

"ಹೇಳೂಕೆ ಅಂತ ನೋಡ್ದೆ. ಹೇಳಿದ್ರೆ ಇವ್ರೆಲ್ಲ ದೂಡೂದು ಬಿಡ್ತಿದ್ರು. ದೂಡೂದು ಬಿಟ್ರೆ ಆಮೇಲೆ ಎಂತ ಉಂಟು? ಅದ್ಕೇ ಹೇಳಿಲ್ಲ."

ಆರು ವರ್ಷ ಯಾಕೆ ಹೇಳಲಿಲ್ಲ ಎಂದು ಅಕ್ಕೋರು ಕೇಳಿದರು.

"ನೀವು ಬರ್ಲಿಲ್ಲ" ಎಂದಳು ಕಮಲಿ. "ಊಟಕ್ಕೆ ಕರೆದೆ, ಬರ್ಲಿಲ್ಲ. ಬೇಲಿ ಆಚೆಯಿಂದ್ಲೇ ಹೋಗ್ತಿದ್ರಿ."

ಆಮೇಲೆ ಅವಳು ಅಕ್ಕೋರನ್ನು ಕೈ ಹಿಡಿದು ಇಳಿಸಿ ತನ್ನ ಮನೆಗೆ ಕರೆದುಕೊಂಡು ಹೋದಳು. ನಾನು ಕಾರಿನ ಹತ್ತಿರ ಕಾದೆ. ಒಂದು ಗಂಟೆಯ ಮೇಲೆ ಅಕ್ಕೋರು ಬಂದರು. ಕಣ್ಣು ಊದಿತ್ತು, ನಡಿಗೆ ಸರಿಯಿತ್ತು.

ಕಥೆ ಇಷ್ಟಕ್ಕೇ ಮುಗಿದಿದ್ದರೆ ಎಲ್ಲರಿಗೂ ನೆಮ್ಮದಿ. ಮರುದಿನ ಸಂಜೆ ಪಾಂಡು ನನ್ನನ್ನು ಬಂದರಿನ ಹತ್ತಿರ ತಡೆದ. ಕಮಲಿ ಹೇಳಿದ ಮಾತು ಅವನ ಕಿವಿಗೂ ಬಿದ್ದಿತ್ತು. ಬಹಳ ಹೊತ್ತು ಸುತ್ತಿ ಬಳಸಿ ಮಾತಾಡಿ, ಕಡೆಗೆ ಹೇಳಿದ. ಗಾಡಿಯಿಂದ ಎತ್ತಿ ರಸ್ತೆಗೆ ಹೊರುವಾಗ ದಾಸ ಪಾಂಡುವಿನ ಅಂಗಿಯ ಕಾಲರನ್ನು ಹಿಡಿದುಕೊಂಡಿದ್ದ. ಗಟ್ಟಿ ಹಿಡಿದಿದ್ದ, ಆಟೋದಲ್ಲಿ ಮಲಗಿಸುವಾಗ ಬೆರಳು ಬಿಡಿಸಬೇಕಾಯಿತು.

"ಸತ್ತವರ ಕೈಯೂ ಕೆಲವು ಸಲ ಹಾಗೆ ಹಿಡೀತದೆ ಅಂತಾರೆ. ಹೌದಾ ಮಾಸ್ತರೇ?" ಎಂದು ಕೇಳಿದ.

ಹೌದು, ಹಾಗಾಗುತ್ತದಂತೆ ಎಂದೆ. ನನಗೆ ಗೊತ್ತಿರಲಿಲ್ಲ. ಕಮಲಿ ಕಂಡದ್ದನ್ನೇ ಹೇಳಿದಳೋ, ಅಕ್ಕೋರು ಒಣಗುತ್ತಿರುವುದನ್ನು ನೋಡಲಾರದೆ ಹೇಳಿದಳೋ, ಅದನ್ನು ನಾನು ಅವಳ ಹತ್ತಿರ ಹೇಗೆ ಕೇಳಲಿ? ಅಂಗಿಯ ವಿಷಯ ಬೇರೆ ಯಾರಿಗೂ ಹೇಳಬೇಡ ಎಂದು ಪಾಂಡುವಿಗೆ ಹೇಳಿದೆ. ಒಂದು ವಾರದ ನಂತರ ಅಕ್ಕೋರು ಸ್ಟಾಫ್ ರೂಮಿನಲ್ಲಿ, ಬೇರೆ ಯಾರೂ ಇಲ್ಲದಾಗ, ಪಾಂಡು ನಿಮ್ಮ ಹತ್ತಿರ ಏನಾದರೂ ಹೇಳಿದ್ದಾನಾ ಎಂದು ಕೇಳಿದರು. ಇಲ್ಲ ಎಂದೆ. ಅವರು ನನ್ನ ಮುಖವನ್ನು ನೋಡಿದರು, ಆತು ಎಂದು ಹೇಳಿ ನೋಟ್‌ಬುಕ್ಕು ತಿದ್ದತೊಡಗಿದರು. ನನ್ನ ಸುಳ್ಳು ಅವರಿಗೆ ತಿಳಿಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆಗಾಗ ರಸ್ತೆಯಲ್ಲಿ ಪಾಂಡು ಎದುರಾದರೆ ನನ್ನ ಕಣ್ಣು ಮೊದಲು ಅವನ ಕಾಲರಿಗೆ ಹೋಗುತ್ತದೆ.

ಅಕ್ಕೋರು ಕೊಂಡದ್ದು ಆಲ್ಟೊವನ್ನೇ. ಶಾನಭಾಗರಿಗೆ ಫೋನ್ ಮಾಡಿ, ನಿಮ್ಮ ಗಾಡಿ ಒಳ್ಳೆಯದು, ಆದರೆ ಇದು ಹತ್ತುವುದು ನನಗೆ ಗೊತ್ತಾಗಿದೆ ಎಂದು ಹೇಳಿದರಂತೆ. ಜಿಪ್ಸಿ ಆಮೇಲೆ ದಾಂಡೇಲಿ ಕಡೆಯ ಯಾರಿಗೋ ಹೋಯಿತೆಂದು ಕೇಳಿದೆ. ಈಗ ಅಕ್ಕೋರು ಹಿಂದಿನ ಸೀಟಿನಲ್ಲೂ ಜನರನ್ನು ಕೂರಿಸುತ್ತಾರೆ. ಕಮಲಿ ವಾರಕ್ಕೊಮ್ಮೆ ಒಣಮೀನಿನ ಬುಟ್ಟಿ ಇಟ್ಟುಕೊಂಡು ಅದರಲ್ಲೇ ಪೇಟೆಗೆ ಬರುತ್ತಾಳೆ. ಪಿಯುಸಿ ಮುಗಿಸಿದ ಧನ್ಯಶ್ರೀ ಅದೇ ಕಾರಿನಲ್ಲಿ ಡ್ರೈವಿಂಗ್ ಕಲಿಯುತ್ತಿದ್ದಾಳೆ. ಅಕ್ಕೋರು ಅವಳಿಗೆ ಮೊದಲು ಕಲಿಸಿದ್ದು ರಿವರ್ಸು.

ಪಂಪು ಕೂಗಿದರೆ ಜಗಲಿಗೆ ಬರುವುದು ಮಾತ್ರ ನಿಂತಿಲ್ಲ.

ಕಾಸರಕೋಡದ ದಂಡೆಗೆ ಈಗ ಪ್ರವಾಸಿಗಳು ಬಹಳ. ರಜೆಯ ದಿನಗಳಲ್ಲಿ ಹುಬ್ಬಳ್ಳಿ, ಬೆಳಗಾವಿ ಕಡೆಯ ಕಾರುಗಳು ತಿಳಿಯದೆ ಮರಳಿಗೆ ಇಳಿದು ಹುಗಿಯುತ್ತವೆ. ಯಾರಾದರೂ ಶಾಲೆಗೋ ಅಕ್ಕೋರ ಮನೆಗೋ ಫೋನ್ ಮಾಡುತ್ತಾರೆ. ಅವರು ಬಂದು, ಗಾಲಿಯ ಸುತ್ತ ಕೈಯಲ್ಲೇ ಮರಳು ತೋಡಿ, ಗಾಳಿ ಬಿಟ್ಟು, ತಿರುಗಿಸಿ, ಹಿಮ್ಮುಖವಾಗಿ ಹತ್ತಿಸಿ ಕೊಡುತ್ತಾರೆ. ಹಿಂದಿನ ಗಾಲಿ ಎಳೆಯುವ ಗಾಡಿಯಾದರೆ ನೆಟ್ಟಗೆ ಹತ್ತಿಸುತ್ತಾರೆ, ಅದನ್ನು ಮೊದಲು ಬಗ್ಗಿ ನೋಡಿ ಖಚಿತ ಮಾಡಿಕೊಳ್ಳುತ್ತಾರೆ. ಎರಡು ವರ್ಷದಲ್ಲಿ ಮೂವತ್ತಕ್ಕಿಂತ ಹೆಚ್ಚು ಗಾಡಿ ತೆಗೆದಿದ್ದಾರೆ. ಪ್ರತಿ ಸಲವೂ ಗಾಡಿ ರಸ್ತೆಗೆ ಬಂದ ಮೇಲೆ ಅವರು ಯಾರ ಹತ್ತಿರವೂ ಏನೂ ತೆಗೆದುಕೊಳ್ಳದೆ ಶಾಲೆಗೆ ನಡೆದುಬಂದು ನಳದ ಕೆಳಗೆ ಕಾಲು ತೊಳೆಯುತ್ತಾರೆ, ಬಹಳ ಹೊತ್ತು.

ಕಳೆದ ಡಿಸೆಂಬರಿನಲ್ಲಿ ಗದಗದ ಒಂದು ಕುಟುಂಬದ ಕಾರು ಹುಗಿದಾಗ ನಾನೂ ಅಲ್ಲಿದ್ದೆ. ಹಿಂದಿನ ಸೀಟಿನಲ್ಲಿ ಮಂಡಿನೋವಿನ ಅಜ್ಜಿಯೊಬ್ಬರು, ಇಳಿಯಲು ಆಗುವುದಿಲ್ಲ ಎಂದರು. ಇಳಿಯುವುದು ಬೇಡ, ಕೂತಿರಿ ಎಂದರು ಅಕ್ಕೋರು. ರಿವರ್ಸ್ ಹಾಕುವ ಮೊದಲು ಹಿಂದೆ ತಿರುಗಿ, "ಅಜ್ಜಿ, ಮೇಲೆ ಹೋಗೂವರೆಗೆ ಎಂತಾದ್ರೂ ಮಾತಾಡ್ತಾ ಇರಿ, ಜೋರಾಗಿ" ಎಂದರು. ಎಂತ ಮಾತಾಡಲಿ ತಾಯಿ ಎಂದು ಅಜ್ಜಿ ನಕ್ಕರು. ಮೊಮ್ಮಕ್ಕಳ ಹೆಸರು ಹೇಳಿ ಎಂದರು ಅಕ್ಕೋರು. ಅಜ್ಜಿ ಒಂದೊಂದೇ ಹೆಸರು ಹೇಳತೊಡಗಿದರು. ಅಕ್ಕೋರು ಅವರ ಬಾಯಿಯನ್ನೇ ನೋಡುತ್ತಾ ಕ್ಲಚ್ಚು ಬಿಟ್ಟರು.